ತೊಡೆಯ ಹಿಂದಿನ ಹುರಿ ಕಿತ್ತಾಗ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ತಿಳುವಳಿಕೆ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಈಗ ತಾನೇ ಡಾಕ್ಟರು ಬಿ.ಪಿ., ಸಕ್ಕರೆ ಕಾಯಿಲೆ ಬಗ್ಗೆ ಎಲ್ಲರಿಗೂ ಅರ್ಥ ಆಗುವ ಹಾಗೆ ಹೇಳಿದರು. ಅವರ ನಂತರ ನಾನು ಮೈಕ್ ಮುಂದೆ ನಿಲ್ಲುವುದು ಸರಿಯಲ್ಲ ಅಂತ ಅಧ್ಯಕ್ಷರಿಗೆ ಹೇಳಿದೆ. ಅವರು ಬಿಡಲಿಲ್ಲ. "ಕೊಟ್ಟಿಗೇಲಿ ಜಾರಿ ಬೀಳೋರು ನಾವೇ ತಾನೇ, ನಿನ್ನ ಕಾಲಿನ ಕಥೆ ನೀನೇ ಹೇಳು" ಅಂದರು. ಆದ್ದರಿಂದ ನಿಂತಿದ್ದೇನೆ. ನಾನು ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಇಲ್ಲಿ ಹೇಳುವ ವೈದ್ಯದ ಮಾತುಗಳೆಲ್ಲ ನನಗೆ ಆಪರೇಷನ್ ಮಾಡಿದ ಡಾಕ್ಟರನ್ನೂ, ಆಮೇಲೆ ವ್ಯಾಯಾಮ ಮಾಡಿಸಿದವರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದು. ಅವರು ಬೇಸರ ಮಾಡಿಕೊಳ್ಳದೆ ಹೇಳಿಕೊಟ್ಟರು. ತಪ್ಪಿದ್ದರೆ ಅದು ನನ್ನ ತಪ್ಪು.

2022ರ ಆಷಾಢ. ಜಿಟಿ ಜಿಟಿ ಮಳೆ. ಬೆಳಗಿನ ಜಾವ ಐದೂವರೆಗೆ ಹಾಲು ಕರೆದು ಕ್ಯಾನು ಎತ್ತಿಕೊಂಡು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದೆ. ಗಾರೆ ನೆಲ, ಗಂಜಲ, ಅದರ ಮೇಲೆ ಸಗಣಿ. ಎಡಗಾಲು ಸುರ್ರನೆ ಮುಂದಕ್ಕೆ ಜಾರಿತು. ಬಲಗಾಲು ಹಿಂದೆಯೇ ಉಳಿಯಿತು. ಹಾಲು ಚೆಲ್ಲಬಾರದು ಅಂತ ನಾನು ಕ್ಯಾನನ್ನು ತಬ್ಬಿ ಮುಂದಕ್ಕೆ ಬಗ್ಗಿದೆ. ಹಾಲು ಉಳಿಯಿತು. ಎಡ ಪಿರ್ರೆಯ ಕೆಳಗೆ ಮಾತ್ರ ಹಳೇ ಹಗ್ಗ ಕಿತ್ತಂತೆ ಪಟ್ ಅಂತ ಶಬ್ದ ಬಂತು. ನನಗೇ ಕೇಳಿಸಿತು. ಹಸು ಕೂಡ ತಿರುಗಿ ನೋಡಿತು ಅಂತ ನಮ್ಮನೆಯವಳು ಈಗಲೂ ನಗುತ್ತಾಳೆ.

ಅವತ್ತು ಏಳೋಕೆ ಆಗಲಿಲ್ಲ. ಮಗ, ಅವಳು ಸೇರಿ ಎತ್ತಿ ಜಗಲಿ ಮೇಲೆ ಕೂರಿಸಿದರೆ ಕೂರೋಕೂ ಆಗಲಿಲ್ಲ. ಎಡಗಡೆ ಕೂರುವ ಮೂಳೆ ನೆಲಕ್ಕೆ ತಗುಲಿದರೆ ಕೆಂಡದ ಮೇಲೆ ಕೂತ ಹಾಗೆ. ಸಾಯಂಕಾಲದ ಹೊತ್ತಿಗೆ ಪಕ್ಕದೂರಿನಿಂದ ಎಣ್ಣೆ ತಿಕ್ಕುವವರು ಬಂದರು. "ನರ ಮಗುಚಿದೆ" ಅಂತ ಬಿಸಿ ಎಣ್ಣೆ ಹಾಕಿ, ಹೆಬ್ಬೆರಳು ಊರಿ ಚೆನ್ನಾಗಿ ತಿಕ್ಕಿದರು. ನಾನು ಕಿರುಚಿದ್ದು ಬೀದಿ ಕೊನೆಯವರೆಗೂ ಕೇಳಿದೆ. ನಾಲ್ಕನೇ ದಿನ ನೋಡಿದರೆ ತೊಡೆಯ ಹಿಂಭಾಗ ಪೂರ್ತಿ ನೇರಳೆ ಹಣ್ಣಿನ ಬಣ್ಣ. ಆ ಬಣ್ಣ ದಿನಕ್ಕಿಷ್ಟು ಕೆಳಕ್ಕೆ ಇಳಿದು ಮಂಡಿ ದಾಟಿ ಮೀನಖಂಡಕ್ಕೆ ಬಂತು. "ಕೆಟ್ಟ ರಕ್ತ ಇಳೀತಿದೆ, ಒಳ್ಳೇದು" ಅಂದರು. ನಾನೂ ನಂಬಿದೆ. ಆಮೇಲೆ ಒಂದು ಕಡೆ ತೋರಿಸಿದೆ. ಎಕ್ಸ್‌ರೇ ತೆಗೆದರು. ಮೂಳೆ ಸರಿಯಾಗಿದೆ, ಸೊಂಟದಿಂದ ನರ ಒತ್ತುತ್ತಿದೆ ಅಂತ ನೋವಿನ ಸೂಜಿ, ಮಾತ್ರೆ ಕೊಟ್ಟರು. ನೋವು ಸ್ವಲ್ಪ ತಗ್ಗಿತು. ನಡೆದರೆ ಕಾಲು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಇಳಿಜಾರಿನಲ್ಲಿ ಹೆಜ್ಜೆ ತಾನಾಗಿ ಮುಂದಕ್ಕೆ ಬಿದ್ದುಬಿಡೋದು. ಹೀಗೆ ಆರು ವಾರ ಹೋಯಿತು.

ಆರು ವಾರ ಆದಮೇಲೆ ದೊಡ್ಡ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಬೋರಲು ಮಲಗಿಸಿ, ಮಂಡಿ ಮಡಿಸಿ, "ನಾನು ಎಳೀತೀನಿ, ನೀವು ಬಿಡಬೇಡಿ ಯಜಮಾನ್ರೇ" ಅಂದರು. ಬಲಗಾಲು ಅಲ್ಲಾಡಲಿಲ್ಲ. ಎಡಗಾಲು ಸೊಪ್ಪಿನ ದಂಟಿನ ಹಾಗೆ ಬಂದುಬಿಟ್ಟಿತು. ಕೂರುವ ಮೂಳೆಯ ಕೆಳಗೆ ಬೆರಳಿಟ್ಟು ನೋಡಿದರು, ಅಲ್ಲಿ ಹಳ್ಳ. ಎಂ.ಆರ್.ಐ. ಮಾಡಿಸಿದರು. ಫಿಲಂ ನೋಡಿ ಅವರು ಮೊದಲು ಕೇಳಿದ ಪ್ರಶ್ನೆ, "ಬಿದ್ದು ಎಷ್ಟು ದಿನ ಆಯ್ತು?" ನಾನು ಹೇಳಿದೆ. ಅವರು ಒಂದು ನಿಮಿಷ ಮಾತಾಡಲಿಲ್ಲ.

ಈಗ ಒಳಗೆ ಏನಾಗಿತ್ತು ಅನ್ನುವುದನ್ನು ಹೇಳುತ್ತೇನೆ. ಎಲ್ಲರೂ ಕುರ್ಚಿಯಲ್ಲಿ ಕೂತ ಹಾಗೇ ಮಂಡಿಯ ಹಿಂದೆ ಕೈ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಿರಿ. ಎರಡು ಕಡೆ ಬಿಗಿಯಾದ ಹುರಿ ಸಿಗುತ್ತದೆಯಲ್ಲ? ಅದೇ ಹ್ಯಾಮ್‌ಸ್ಟ್ರಿಂಗ್‌ನ ಕೆಳತುದಿ. ತೊಡೆಯ ಹಿಂದೆ ಉದ್ದಕ್ಕೆ ಮೂರು ಸ್ನಾಯುಗಳಿವೆ, ನಮ್ಮ ಮಾತಿನಲ್ಲಿ ಮಾಂಸಖಂಡ. ಮೇಲುಗಡೆ ಮೂರೂ ಕೂರುವ ಮೂಳೆಗೆ ಕಟ್ಟಿಕೊಂಡಿವೆ. ಕೆಳಗಡೆ ಎರಡು ಮಂಡಿಯ ಒಳಮಗ್ಗುಲಿಗೆ, ಒಂದು ಹೊರಮಗ್ಗುಲಿಗೆ ಹೋಗಿ ಸೇರುತ್ತವೆ. ಮಾಂಸ ಮೂಳೆಗೆ ನೇರವಾಗಿ ಅಂಟಿಕೊಳ್ಳುವುದಿಲ್ಲ, ನಡುವೆ ಬಿಳೀ ಹುರಿ ಇರುತ್ತದೆ. ಅದನ್ನು ಟೆಂಡನ್ ಅನ್ನುತ್ತಾರೆ, ಪುಸ್ತಕದಲ್ಲಿ ಸ್ನಾಯುರಜ್ಜು. ಕುರಿ ಕುಯ್ದು ಹಿಂಗಾಲಿನ ಹುರಿಗೆ ಕೊಕ್ಕೆ ಸಿಕ್ಕಿಸಿ ನೇತುಹಾಕುವುದನ್ನು ಎಲ್ಲರೂ ನೋಡಿದ್ದೀರಿ. ಅದು ಬೇರೆ ಸ್ನಾಯುವಿನದು, ಆದರೆ ಜಾತಿ ಒಂದೇ. ಇಡೀ ಕುರಿಯ ತೂಕ ತಡೆಯುತ್ತದೆ ಅಂದರೆ ಅದರ ಶಕ್ತಿ ಎಷ್ಟಿರಬೇಕು ನೋಡಿ.

ಈ ಮೂರು ಸ್ನಾಯುಗಳಿಗೆ ಎರಡು ಕೆಲಸ. ಮಂಡಿ ಮಡಿಸುವುದು ಒಂದು, ಸೊಂಟದ ಕೀಲಿನಲ್ಲಿ ತೊಡೆಯನ್ನು ಹಿಂದಕ್ಕೆ ಎಳೆಯುವುದು ಇನ್ನೊಂದು. ಎರಡು ಕೀಲು ದಾಟಿ ಹೋಗುವುದರಿಂದ ಮಂಡಿ ನೆಟ್ಟಗಿದ್ದು ಮೈ ಮುಂದಕ್ಕೆ ಬಗ್ಗಿದಾಗ ಎರಡೂ ತುದಿಯಿಂದ ಎಳೆತ ಬೀಳುತ್ತದೆ. ನಾಟಿ ಹಾಕುವ ಭಂಗಿ ಅದೇ. ನಾನು ಬಿದ್ದದ್ದೂ ಅದೇ ಭಂಗಿಯಲ್ಲಿ, ಆದರೆ ಒಂದು ಕ್ಷಣದೊಳಗೆ. ಆ ಜಗ್ಗಾಟಕ್ಕೆ ಹಗ್ಗ ನಡುವೆ ಹರಿಯಲಿಲ್ಲ, ಗೂಟದಿಂದಲೇ ಕಿತ್ತುಕೊಂಡು ಬಂತು. ಮೂರೂ ಹುರಿ ಕೂರುವ ಮೂಳೆಯಿಂದ ಕಿತ್ತು, ಆರು ಸೆಂಟಿಮೀಟರ್ ಕೆಳಕ್ಕೆ ಸುರುಟಿಕೊಂಡು ಹೋಗಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಲ್ಲದಕ್ಕೂ "ನರ" ಅಂತೀವಿ. ಉಳುಕಿದರೂ ನರ, ಎಳೆದರೂ ನರ, ಕೈ ಮೇಲೆ ನೀಲಿ ಕಾಣೋ ರಕ್ತನಾಳವೂ ನರ. ಡಾಕ್ಟರು ನರ ಅಂದರೆ ಮಿದುಳಿನಿಂದ, ಬೆನ್ನುಹುರಿಯಿಂದ ಸುದ್ದಿ ಒಯ್ಯುವ ತಂತಿ. ಟೆಂಡನ್ ಹಗ್ಗ, ನರ ತಂತಿ. ಎರಡೂ ಬೇರೆ. ನಾನು ಡಾಕ್ಟರ ಮುಂದೆ ಹೋಗಿ "ನರ ಎಳೆದಿದೆ ಸಾರ್, ಕಾಲಿನವರೆಗೂ ಸೆಳೀತದೆ" ಅಂದೆ. ಬಿದ್ದದ್ದು ಹೇಗೆ, ಶಬ್ದ ಬಂತು, ಕಪ್ಪಗಾಯಿತು ಅನ್ನುವುದನ್ನು ಹೇಳಲೇ ಇಲ್ಲ. ಅವರು ಸೊಂಟದ ನರಕ್ಕೆ ಔಷಧಿ ಕೊಟ್ಟರು. ಅವರದ್ದು ಎಷ್ಟು ತಪ್ಪೋ ನನ್ನ ಬಾಯಿದೂ ಅಷ್ಟೇ ತಪ್ಪು. ಇನ್ನೊಂದು ತೊಡಕು ಏನೆಂದರೆ, ಕಾಲಿಗೆ ಹೋಗುವ ದೊಡ್ಡ ನರ, ಸಯಾಟಿಕ್ ಅಂತಾರೆ, ಬೆರಳ ಗಾತ್ರದ್ದು, ಈ ಹುರಿಗಳ ಪಕ್ಕದಲ್ಲೇ ಇಳಿಯುತ್ತದೆ. ಹುರಿ ಕಿತ್ತಾಗ ಅದಕ್ಕೂ ಒತ್ತಡ ಬಿದ್ದು ಪಾದದವರೆಗೆ ಜೋಮು ಬರಬಹುದು. ಹಾಗಾಗಿ ನೋಡುವವರೂ ಮೋಸ ಹೋಗುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಹುರಿ ಕಾಣುವುದಿಲ್ಲ. ಮೂಳೆ ಸರಿಯಿದೆ ಅಂದ ಮಾತ್ರಕ್ಕೆ ಕಾಲು ಸರಿಯಿದೆ ಅಂತ ಅಲ್ಲ.

ಹಾಗಂತ ತೊಡೆ ಹಿಂದೆ ಸೆಳೆತ ಬಂದವರೆಲ್ಲ ಆಪರೇಷನ್ ಅಂತ ಹೆದರಬೇಕಾಗಿಲ್ಲ. ಹೆಚ್ಚಿನವು ತೊಡೆಯ ನಡುಭಾಗದಲ್ಲಿ, ಮಾಂಸವೂ ಹುರಿಯೂ ಸೇರುವ ಕಡೆ ಸ್ವಲ್ಪ ಎಳೆ ಬಿಡುವಂಥವು. ಓಡುವವರಿಗೆ, ಕಬಡ್ಡಿ ಆಡುವವರಿಗೆ ಅದೇ ಜಾಸ್ತಿ. ಉಸೇನ್ ಬೋಲ್ಟ್ ತನ್ನ ಕೊನೆಯ ಓಟದಲ್ಲಿ, 2017ರ ಆಗಸ್ಟ್‌ನಲ್ಲಿ ಲಂಡನ್ನಿನ ರಿಲೇಯಲ್ಲಿ, ಎಡ ತೊಡೆಯ ಹಿಂದೆ ಹಿಡಿದುಕೊಂಡು ಬಿದ್ದದ್ದನ್ನು ಹುಡುಗರು ಟಿ.ವಿ.ಯಲ್ಲಿ ನೋಡಿರುತ್ತೀರಿ. ನಮ್ಮ ಊರಿನ ಹುಡುಗನೊಬ್ಬನಿಗೆ ಹೊನಲು ಬೆಳಕಿನ ಕಬಡ್ಡಿಯಲ್ಲಿ ಹೀಗೇ ಆಯಿತು. ಮೊದಲ ಎರಡು ಮೂರು ದಿನ ತಣ್ಣೀರ ಬಟ್ಟೆ, ಐಸು, ಬಟ್ಟೆ ಸುತ್ತುವುದು, ವಿಶ್ರಾಂತಿ. ಆಮೇಲೆ ಮೆಲ್ಲಗೆ ವ್ಯಾಯಾಮ. ಕೆಲವು ವಾರದಲ್ಲಿ ಓಡಾಡಿದ. ಅವನಿಗೆ ಚಾಕು ಬೇಕಾಗಲಿಲ್ಲ. ಆದರೆ ಇಂಥದ್ದು ಪೂರ್ತಿ ವಾಸಿಯಾಗುವ ಮೊದಲು ಆಡಿದರೆ ಮತ್ತೆ ಹರಿಯುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ನಾಯಕ ಬೆನ್ ಸ್ಟೋಕ್ಸ್‌ಗೆ 2024ರ ಆಗಸ್ಟ್‌ನಲ್ಲಿ ಎಡಗಾಲಿನ ಹ್ಯಾಮ್‌ಸ್ಟ್ರಿಂಗ್ ಹರಿಯಿತು, ಮತ್ತೆ ಆಡಿದರು, ಡಿಸೆಂಬರ್‌ನಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಟೆಸ್ಟ್‌ನಲ್ಲಿ ಪುನಃ ಅದೇ ಕಾಲು ಹೋಯಿತು, 2025ರ ಜನವರಿಯಲ್ಲಿ ಆಪರೇಷನ್ ಆಯಿತು. ಅಷ್ಟು ಡಾಕ್ಟರುಗಳು ಸುತ್ತ ಇರುವವರಿಗೇ ಹೀಗೆ.

ಮೇಲಿನ ತುದಿ ಮೂಳೆಯಿಂದ ಕಿತ್ತದ್ದು ಮಾತ್ರ ಬೇರೆ ಲೆಕ್ಕ. ಸಾಮಾನ್ಯವಾಗಿ ಎರಡು ಅಥವಾ ಮೂರು ಹುರಿ ಪೂರ್ತಿ ಕಿತ್ತು, ಎರಡು ಸೆಂಟಿಮೀಟರ್‌ಗಿಂತ, ಅಂದರೆ ಒಂದು ಹೆಬ್ಬೆರಳ ಅಗಲಕ್ಕಿಂತ ಹೆಚ್ಚು ಕೆಳಕ್ಕೆ ಸರಿದಿದ್ದರೆ, ದುಡಿಯುವ ಮನುಷ್ಯನಿಗೆ ಆಪರೇಷನ್ ಒಳ್ಳೆಯದು ಅನ್ನುತ್ತಾರೆ. ಒಂದೇ ಹುರಿ, ಅರ್ಧಂಬರ್ಧ ಕಿತ್ತದ್ದು, ಸರಿಯದೆ ಇರುವುದು ಹೀಗಿದ್ದರೆ ವಿಶ್ರಾಂತಿ, ವ್ಯಾಯಾಮದಲ್ಲೇ ನೋಡುತ್ತಾರೆ. ವಯಸ್ಸಾದವರಿಗೂ ಹಾಗೆ. ನಾನು ಆಸ್ಪತ್ರೆಯಲ್ಲಿದ್ದಾಗ ಎಪ್ಪತ್ತು ದಾಟಿದ ತಾತ ಒಬ್ಬರಿಗೆ ನನ್ನದೇ ಪೆಟ್ಟು. ಅವರು ಬೇಡ ಅಂದರು. "ನಾನೇನು ಗದ್ದೆ ಉಳಬೇಕಾ, ದೇವಸ್ಥಾನದ ತನಕ ನಡೆದರೆ ಸಾಕು" ಅಂತ. ಡಾಕ್ಟರೂ ಒಪ್ಪಿದರು. ಅವರು ಕೋಲು ಹಿಡಿದು ನಡೆಯುತ್ತಾರೆ ಅಂತ ಕೇಳಿದ್ದೇನೆ. ಇನ್ನು ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ಹುರಿ ಕಿತ್ತುವ ಬದಲು ಮೂಳೆಯ ಚೂರೇ ಕಿತ್ತುಕೊಂಡು ಬರುವುದುಂಟು, ಯಾಕೆಂದರೆ ಅವರ ಮೂಳೆಯ ಆ ಭಾಗ ಇನ್ನೂ ಬಲಿತಿರುವುದಿಲ್ಲ. ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ.

ಹಾಗಾದರೆ ಗುರುತು ಏನು? ಜಾರಿದಾಗ ಅಥವಾ ಓಡುವಾಗ ಪಟ್ ಅಂದ ಅನುಭವ. ನೋವು ತೊಡೆಯ ನಡುವಲ್ಲ, ಕೂರುವ ಮೂಳೆಯ ಹತ್ತಿರ. ಕೂರಲು ಆಗದಿರುವುದು. ಕೆಲವು ದಿನದಲ್ಲಿ ತೊಡೆಯ ಹಿಂದೆ ದೊಡ್ಡದಾಗಿ ಕಪ್ಪಗಾಗಿ ಕೆಳಕ್ಕೆ ಇಳಿಯುವುದು. ಬೋರಲು ಮಲಗಿ ಮಂಡಿ ಮಡಿಸುವಾಗ ಶಕ್ತಿಯೇ ಇಲ್ಲದಿರುವುದು. ಇವುಗಳಲ್ಲಿ ಎರಡು ಮೂರು ಇದ್ದರೆ ಎಣ್ಣೆಯ ಬಾಟಲು ಮುಚ್ಚಿಡಿ. ಹೊಸ ಪೆಟ್ಟನ್ನು ತಿಕ್ಕಿದರೆ ಒಳಗೆ ರಕ್ತ ಇನ್ನೂ ಜಾಸ್ತಿ ಸುರಿಯುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋಗಿ ಬಿದ್ದದ್ದು ಹೇಗೆ ಅಂತ ಮಾಡಿ ತೋರಿಸಿ, "ಹುರಿ ಕಿತ್ತಿರಬಹುದಾ ಸಾರ್" ಅಂತ ಬಾಯಿ ಬಿಟ್ಟು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಬೇಗ ಯಾಕೆ ಹೋಗಬೇಕು? ಮೊದಲ ಮೂರು ನಾಲ್ಕು ವಾರದಲ್ಲಿ ಕಿತ್ತ ತುದಿ ಸುಲಭವಾಗಿ ಸಿಗುತ್ತದೆ, ಎಳೆದರೆ ಮೂಳೆಯವರೆಗೆ ಬರುತ್ತದೆ. ತಡವಾದಂತೆಲ್ಲ ಸ್ನಾಯು ಮುದುಡಿ ಗಿಡ್ಡವಾಗುತ್ತದೆ, ಗಾಯದ ಗಂಟು ಬೆಳೆದು ಆ ತುದಿ ಪಕ್ಕದ ದೊಡ್ಡ ನರಕ್ಕೇ ಅಂಟಿಕೊಳ್ಳುತ್ತದೆ. ಆಗ ಡಾಕ್ಟರು ಮೊದಲು ನರವನ್ನು ನೂಲು ನೂಲಾಗಿ ಬಿಡಿಸಬೇಕು. ಇನ್ನೂ ತಡವಾದರೆ ಹುರಿ ಮೂಳೆಗೆ ಎಟುಕುವುದೇ ಇಲ್ಲ, ಬೇರೆ ಕಡೆಯ ಟೆಂಡನ್ ತಂದು ನಡುವೆ ಕಸಿ ಹಾಕಬೇಕು. ನನ್ನದು ಏಳನೇ ವಾರ. ಕಸಿ ತಪ್ಪಿತು, ನರ ಬಿಡಿಸುವ ಕೆಲಸ ತಪ್ಪಲಿಲ್ಲ.

ಆಪರೇಷನ್ ಹೇಗೆ ಮಾಡುತ್ತಾರೆ ಅಂತ ಬಹಳ ಜನ ಕೇಳಿದ್ದೀರಿ. ಬೆನ್ನಿಗೆ ಸೂಜಿ ಕೊಟ್ಟೋ ಪೂರ್ತಿ ಎಚ್ಚರ ತಪ್ಪಿಸಿಯೋ ಬೋರಲು ಮಲಗಿಸುತ್ತಾರೆ. ಪಿರ್ರೆಯೂ ತೊಡೆಯೂ ಸೇರುವ ಮಡಿಕೆಯಲ್ಲಿ ಕುಯ್ಯುತ್ತಾರೆ, ಆಮೇಲೆ ಗುರುತೇ ಕಾಣದ ಹಾಗೆ. ಪಿರ್ರೆಯ ದೊಡ್ಡ ಸ್ನಾಯುವನ್ನು ಮೇಲಕ್ಕೆತ್ತಿ, ಹೆಪ್ಪುಗಟ್ಟಿದ ರಕ್ತ ತೆಗೆದು, ನರವನ್ನು ಗುರುತಿಸಿ ಕಾಪಾಡಿಕೊಂಡು, ಕಿತ್ತ ತುದಿ ಹುಡುಕುತ್ತಾರೆ. ಕೂರುವ ಮೂಳೆಯ ಮೇಲ್ಮೈಯನ್ನು ಸ್ವಲ್ಪ ಕೆರೆದು ಹಸಿ ಮಾಡುತ್ತಾರೆ, ಒಣಗಿದ ಗೋಡೆಗೆ ಹೊಸ ಗಾರೆ ಹಿಡಿಯಲಿ ಅಂತ ಕಚ್ಚು ಹೊಡೆಯುತ್ತೇವಲ್ಲ, ಹಾಗೆ. ಆ ಮೂಳೆಗೆ ದಾರ ಪೋಣಿಸಿದ ಸಣ್ಣ ಸಣ್ಣ ಮೊಳೆಯಂಥವನ್ನು ಕೂರಿಸುತ್ತಾರೆ. ಸೂಚರ್ ಆಂಕರ್ ಅನ್ನುತ್ತಾರೆ. ಆ ದಾರವನ್ನು ಹುರಿಯೊಳಗೆ ಹೊಲಿದು, ಹುರಿಯನ್ನು ಮೂಳೆಗೆ ಎಳೆದು ಕಟ್ಟುತ್ತಾರೆ. ಹುರಿ ಮೂಳೆಗೆ ಮತ್ತೆ ಬೆಸೆಯುವ ತನಕ ದಾರ ಹಿಡಿದುಕೊಂಡಿರಬೇಕು. ಬೆಸೆಯುವುದು ನಮ್ಮ ಶರೀರದ ಕೆಲಸ, ಅದಕ್ಕೆ ತಿಂಗಳುಗಟ್ಟಲೆ ಬೇಕು.

ನಿಜವಾದ ಕಷ್ಟ ಆಮೇಲೆ. ನನಗೆ ಆರು ವಾರ ಎರಡು ಊರುಗೋಲು, ಮಂಡಿ ಮಡಿಸಿದ ಹಾಗೇ ಹಿಡಿದಿಡುವ ಬ್ರೇಸು. ಬಗ್ಗುವಂತಿಲ್ಲ, ಕಾಲು ನೀಡಿ ಕೂರುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ. ನಮ್ಮನೆ ಕಕ್ಕಸು ನೆಲದ್ದು. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಅದರ ಮೇಲೆ ಇಟ್ಟುಕೊಂಡೆವು. ಇದನ್ನು ಹೇಳೋಕೆ ಸಂಕೋಚ, ಆದರೆ ಮೊದಲೇ ಯಾರಾದರೂ ಹೇಳಿದ್ದರೆ ಆ ಮೊದಲ ಎರಡು ದಿನ ನಾನು ಅಷ್ಟು ಒದ್ದಾಡುತ್ತಿರಲಿಲ್ಲ. ಗಾಯ ಮಲವಿಸರ್ಜನೆಯ ಜಾಗಕ್ಕೆ ಹತ್ತಿರ ಇರುವುದರಿಂದ ಶುಚಿ ಬಹಳ ಮುಖ್ಯ, ಇಲ್ಲದಿದ್ದರೆ ಕೀವಾಗುತ್ತದೆ. ಮಲಗಿದ್ದಲ್ಲೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ ಅಂತ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲು ಹೇಳಿದ್ದರು, ರಕ್ತ ತೆಳುವಾಗಿಡುವ ಔಷಧಿಯನ್ನೂ ಕೊಟ್ಟಿದ್ದರು. ಆರು ವಾರ ಆದಮೇಲೆ ಫಿಸಿಯೋಥೆರಪಿ. ನಡೆಯುವುದನ್ನು ಮಗುವಿನ ಹಾಗೆ ಕಲಿತೆ. ಮೂರು ತಿಂಗಳಿಗೆ ಸಣ್ಣಪುಟ್ಟ ಕೆಲಸ, ಆರು ತಿಂಗಳಾದ ಮೇಲೆ ಹಾಲಿನ ಕ್ಯಾನು. ಇವತ್ತಿಗೂ ಎಡಗಾಲಿನ ಶಕ್ತಿ ಬಲಗಾಲಿನಷ್ಟಿಲ್ಲ. ದೂರದ ಬಸ್ಸಿನಲ್ಲಿ ಕೂತರೆ ಒಂದು ಕಡೆ ಉರಿ ಬರುತ್ತದೆ, ಎದ್ದು ನಿಲ್ಲುತ್ತೇನೆ. ಗಾಯದ ಸುತ್ತ ಅಂಗೈ ಅಗಲ ಸ್ಪರ್ಶ ಮರಗಟ್ಟಿದೆ.

ಮರುವರ್ಷ ನಮ್ಮ ಸಂಘದ ಸದಸ್ಯರೇ ಆದ ಒಬ್ಬ ಅಕ್ಕ ತೊಟ್ಟಿ ಹತ್ತಿರ ಪಾಚಿ ಮೇಲೆ ಜಾರಿದರು. ಅದೇ ಶಬ್ದ, ಅದೇ ಕಪ್ಪು. ಅವರ ಮಗ ನನ್ನ ಹತ್ತಿರ ಓಡಿ ಬಂದ. ಒಂಬತ್ತನೇ ದಿನಕ್ಕೆ ಆಪರೇಷನ್ ಆಯಿತು. ನರ ಬಿಡಿಸುವ ಕೆಲಸ ಇರಲಿಲ್ಲ. ಅವರು ಈ ಸಭೆಯಲ್ಲೇ, ಹಿಂದಿನ ಸಾಲಿನಲ್ಲಿ, ನನಗಿಂತ ನೆಟ್ಟಗೆ ಕೂತಿದ್ದಾರೆ. ನೋಡಿ ನನಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಹೊಟ್ಟೆಯುರಿಯೂ ಆಗುತ್ತದೆ.

ಯುವಕ ಸಂಘದ ಹುಡುಗರು ಒಂದು ಪ್ರಶ್ನೆ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. "ಮಂಡಿಯ ಲಿಗಮೆಂಟ್ ಹರಿದರೆ ಹ್ಯಾಮ್‌ಸ್ಟ್ರಿಂಗ್ ಹುರಿಯನ್ನೇ ತೆಗೆದು ಹಾಕ್ತಾರಲ್ಲ, ಆಗ ಕಾಲು ಹೋಗಲ್ವಾ?" ಒಳ್ಳೆ ಪ್ರಶ್ನೆ, ನಾನೂ ಕೇಳಿದ್ದೆ. ಅಲ್ಲಿ ತೆಗೆಯುವುದು ಒಳಮಗ್ಗುಲಿನ ಒಂದು ಹುರಿಯನ್ನು, ಕೆಲವು ಸಲ ಅದರ ಜೊತೆಗೆ ಪಕ್ಕದ ಇನ್ನೊಂದು ಸಣ್ಣ ಸ್ನಾಯುವಿನ ಹುರಿಯನ್ನು. ಉಳಿದವು ಭಾರ ಹೊರುತ್ತವೆ. ಸ್ವಲ್ಪ ಶಕ್ತಿ ಕಡಿಮೆಯಾಗಬಹುದು, ವ್ಯಾಯಾಮದಿಂದ ಬಹಳಷ್ಟು ವಾಪಸ್ಸು ಬರುತ್ತದೆ. ನನ್ನದರಲ್ಲಿ ಮೂರೂ ಒಟ್ಟಿಗೆ ಬುಡದಲ್ಲೇ ಹೋದವು.

ದುಡ್ಡಿನ ವಿಷಯ. ಸಹಕಾರ ಸಂಘದ ಸದಸ್ಯರಿಗೆಂದೇ 2003ರಿಂದ ನಡೆದ ಯಶಸ್ವಿನಿ ಯೋಜನೆ 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿಹೋಗಿತ್ತು. ಅದು ಮತ್ತೆ ಶುರುವಾಗಿ ಚಿಕಿತ್ಸೆ ಸಿಗಲು ಆರಂಭವಾದದ್ದು 2023ರ ಜನವರಿಯಿಂದ. ನಾನು ಬಿದ್ದದ್ದು ಆ ನಡುವಿನ ಖಾಲಿಯಲ್ಲಿ. ಕರೆಯುವ ಹಸು ಒಂದನ್ನು ಮಾರಿದೆ, ಉಳಿದದ್ದು ಕೈಸಾಲ. ಈಗ ಪ್ರತಿ ಸಲ ನೋಂದಣಿ ಶುರುವಾದಾಗ ಕಾರ್ಯದರ್ಶಿಗಳು ಡೈರಿ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಕೊನೇ ದಿನದ ತನಕ ಕಾಯಬೇಡಿ. ಆಸ್ಪತ್ರೆಗೆ ಸೇರುವ ಮೊದಲು ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯೇ, ಈ ಆಪರೇಷನ್ ಪಟ್ಟಿಯಲ್ಲಿ ಇದೆಯೇ ಅಂತ ಎರಡನ್ನೂ ಕೇಳಿಕೊಳ್ಳಿ. ಒಂದನ್ನೇ ಕೇಳಿ ಹೋಗಿ ಪೇಚಾಡಿದವರಿದ್ದಾರೆ.

ಕೊಟ್ಟಿಗೆ ನೆಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾರೆ ಹಾಕಿಸುವಾಗ ನುಣ್ಣಗೆ ತಿಕ್ಕಿಸಬೇಡಿ, ಗೆರೆ ಎಳೆಸಿ. ಹಸುವಿಗೂ ಒಳ್ಳೇದು. ಕ್ಯಾನು ಹಿಡಿದಾಗ ಜಾರಿದರೆ ಕ್ಯಾನು ಬಿಟ್ಟುಬಿಡಿ. ಹತ್ತು ಲೀಟರ್ ಹಾಲಿನ ಬೆಲೆ ಎಷ್ಟು ಅಂತ ನಿಮಗೆ ಗೊತ್ತು, ನನ್ನ ಕಾಲಿನ ಬೆಲೆಯನ್ನು ನಾನು ಲೆಕ್ಕ ಹಾಕಿ ಮುಗಿಸಿಲ್ಲ.

ನನ್ನ ಎರಡು ಊರುಗೋಲು, ಬ್ರೇಸು, ತೂತಿನ ಕುರ್ಚಿ ಮೂರನ್ನೂ ತೊಳೆದು ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಬ್ರೇಸನ್ನು ಡಾಕ್ಟರಿಗೆ ತೋರಿಸಿಯೇ ಹಾಕಿಕೊಳ್ಳಬೇಕು. ಯಾರಿಗೆ ಬೇಕಾದರೂ ಪುಸ್ತಕದಲ್ಲಿ ಹೆಸರು ಬರೆದು, ಸಹಿ ಹಾಕಿ ತೆಗೆದುಕೊಂಡು ಹೋಗಬಹುದು. ಬಾಡಿಗೆ ಇಲ್ಲ. ವಾಸಿಯಾದ ಮೇಲೆ ತಂದುಕೊಡಿ. ಕುರ್ಚಿ ಈಗ ಹಿಂದಿನ ಸಾಲಿನ ಅಕ್ಕನ ಮನೆಯಲ್ಲಿದೆ, ಅವರು ನಾಳೆ ತರುತ್ತೇನೆ ಅಂದಿದ್ದಾರೆ.